ರಂಜನಿ ಶೆಟ್ಟರ್ ಕೃತಿಗಳ ಹುಣಸೆ ಬೀಜದ ಅಂಟು, ಮಸ್ಲಿನ್ ಬಟ್ಟೆ: ಕಪ್ಪು ಚುಕ್ಕೆ ಯಾಕೆ ಬೀಳುತ್ತೆ?

ತೂಗುಮಣೆ
ಶಿಲ್ಪ ಕಲಾವಿದೆ ರಂಜನಿ ಶೆಟ್ಟರ್ ಅವರ ‘ಸನ್-ಸ್ನೀಜರ್ಸ್ ಬ್ಲೋ ಲೈಟ್ ಬಬಲ್ಸ್’ (2007–08) ಕೃತಿಗೆ ಬಳಸಿದ ಸಾಮಗ್ರಿ ಅಂತ ಕೊಟ್ಟಿರೋದು ಇಷ್ಟೇ: ಸ್ಟೇನ್‌ಲೆಸ್ ಸ್ಟೀಲ್, ಮಸ್ಲಿನ್ ಬಟ್ಟೆ, ಹುಣಸೆ ಬೀಜದ ಪುಡಿಯ ಅಂಟು, ಲ್ಯಾಕರ್ (ಮೇಲೆ ಬಳಿಯುವ ಹೊಳಪಿನ ಲೇಪ). ಓದುವಾಗ ಸುಲಭ ಅನ್ಸುತ್ತೆ. ಅದೇ ರೀತಿಯಲ್ಲಿ ಎರಡಡಿ ಉದ್ದದ, ಹೊಂಗೆ ಕಾಯಿ ಆಕಾರದ ಒಂದು ಅಭ್ಯಾಸದ ತುಂಡು ಮಾಡ್ತಿದ್ದೀನಿ. ಮೂರು ತೊಂದರೆ ಇದೆ. ತಂತಿ ಮುಟ್ಟಿದ ಕಡೆಯೆಲ್ಲ ಎರಡೇ ದಿನದಲ್ಲಿ ಬಟ್ಟೆ ಮೇಲೆ ಕಪ್ಪು ಚುಕ್ಕೆ. ಅಂಟು ಮರುದಿನಕ್ಕೇ ಹುಳಿ ವಾಸನೆ. ಒಣಗಿದಾಗ ತಮಟೆ ಥರ ಬಿಗಿಯಾಗಿದ್ದ ಬಟ್ಟೆ, ಮಳೆ ಬಂದ ದಿನ ಜೋಲು. ಸ್ಟೇನ್‌ಲೆಸ್ ಬದಲು ಸಾಮಾನ್ಯ ಕಬ್ಬಿಣದ ತಂತಿ, ಕೂಡುವ ಜಾಗಕ್ಕೆ ಬೈಂಡಿಂಗ್ ವೈರ್ ಬಳಸಿದೆ. ಅಂಟು ಮನೆಯಲ್ಲೇ ಕುದಿಸಿದ್ದು. ತಪ್ಪು ಎಲ್ಲಿದೆ?

ಬೆಸುಗೆ ಮನೆ
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ. ಕಬ್ಬಿಣದ ತಂತಿ.

ಹತ್ತಿನೂಲು
ಹೌದು, ಆದ್ರೆ ಕಾರಣ ತುಕ್ಕು ಒಂದೇ ಅಲ್ಲ. ಹುಣಸೆ ಬೀಜದ ಕಂದು ಸಿಪ್ಪೆಯಲ್ಲಿ ಟ್ಯಾನಿನ್ (ಒಗರು ಕೊಡುವ ಅಂಶ) ತುಂಬಿದೆ. ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪು. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದೆ ಮಸಿ ಮಾಡ್ತಿದ್ದದ್ದು, ಕಲಂಕಾರಿಯ ಕಪ್ಪು ಗೆರೆ ಬರೋದು, ಎಲ್ಲ ಇದೇ ಕ್ರಿಯೆ. ನಿಮಗೆ ಬೇಡದ ಜಾಗದಲ್ಲಿ ನೀವು ಮಸಿ ತಯಾರಿಸ್ತಿದ್ದೀರಿ.

ಚುಕ್ಕೆ ಮಸಿಯೋ ಬೂಷ್ಟೋ ತಿಳಿಯೋಕೆ ಒಂದು ಪರೀಕ್ಷೆ. ಹತ್ತಿ ಉಂಡೆಗೆ ನಿಂಬೆರಸ ಅದ್ದಿ ಒಂದು ಚುಕ್ಕೆ ಮೇಲೆ ಎರಡು ನಿಮಿಷ ಒತ್ತಿ. ಬಣ್ಣ ಮಾಸಿ ಹಳದಿಗೆ ತಿರುಗಿದರೆ ಅದು ಕಬ್ಬಿಣ-ಟ್ಯಾನಿನ್. ಏನೂ ಆಗದೆ ಹಾಗೇ ಉಳಿದರೆ ಬೂಷ್ಟು ಇರಬಹುದು.

ತೂಗುಮಣೆ
ಹಾಗಾದ್ರೆ ಸಿಪ್ಪೆ ಪೂರ್ತಿ ತೆಗೆದರೆ ಕಬ್ಬಿಣದ ತಂತಿಯನ್ನೇ ಬಳಸಬಹುದಾ? ಸ್ಟೇನ್‌ಲೆಸ್ ದುಬಾರಿ.

ಬೆಸುಗೆ ಮನೆ
ಬೇಡ. ಸಿಪ್ಪೆ ತೆಗೆದರೂ ಅಂಟಿನಲ್ಲಿರೋದು ನೀರು. ಒದ್ದೆ ಬಟ್ಟೆ ಕಬ್ಬಿಣಕ್ಕೆ ಗಂಟೆಗಟ್ಟಲೆ ಅಂಟಿಕೊಂಡಿದ್ದರೆ ಕಪ್ಪಿನ ಬದಲು ಕೆಂಪು ಕಲೆ ಬರುತ್ತೆ, ಅಷ್ಟೇ ವ್ಯತ್ಯಾಸ.

304 ದರ್ಜೆಯ ಸ್ಟೇನ್‌ಲೆಸ್ ತಂತಿ ತಗೊಳ್ಳಿ. ಹೊರಗಿನ ಮುಖ್ಯ ಬಾಗುಗಳಿಗೆ 3 ಮಿ.ಮೀ., ಅಡ್ಡ ಎಳೆಗಳಿಗೆ 2 ಮಿ.ಮೀ. ಎರಡಡಿಯ ತುಂಡಿಗೆ ಅದಕ್ಕಿಂತ ದಪ್ಪ ಬೇಡ, ನೆರಳು ಒಡ್ಡಾಗಿ ಬೀಳುತ್ತೆ. ಕೂಡಿಸೋಕೆ ಆರ್ಗಾನ್ ವೆಲ್ಡಿಂಗ್, 308 ಎಲ್ ದರ್ಜೆಯ ಫಿಲ್ಲರ್ ಕಡ್ಡಿ (ಬೆಸುಗೆಯಲ್ಲಿ ಕರಗಿ ಸೇರುವ ಕಡ್ಡಿ). ಬೈಂಡಿಂಗ್ ವೈರ್ ಒಂದು ಸುತ್ತೂ ಇರಬಾರದು.

ಸ್ಟೇನ್‌ಲೆಸ್ ತಂದರೂ ಕಲೆ ಬರುವ ದಾರಿ ಎರಡಿವೆ, ಬಹಳ ಜನಕ್ಕೆ ಇದು ಗೊತ್ತಿರಲ್ಲ. ವರ್ಕ್‌ಶಾಪ್‌ನಲ್ಲಿ ಗೇಟು, ಗ್ರಿಲ್ ಉಜ್ಜಿದ ಅದೇ ಗ್ರೈಂಡಿಂಗ್ ವ್ಹೀಲ್‌ನಿಂದ ನಿಮ್ಮ ತಂತಿಯನ್ನೂ ಉಜ್ಜಿದರೆ ಕಬ್ಬಿಣದ ಪುಡಿ ಅದರ ಮೈಗೆ ಒತ್ತಿಕೊಂಡು ಕೂರುತ್ತೆ. ಕಣ್ಣಿಗೆ ಕಾಣಲ್ಲ, ಅಂಟು ಬಿದ್ದ ಮೇಲೆ ಕಾಣುತ್ತೆ. ಹೊಸ ವ್ಹೀಲ್, ಸ್ಟೇನ್‌ಲೆಸ್ ಬ್ರಷ್ ಬೇಕು ಅಂತ ಮೊದಲೇ ಹೇಳಿ. ಎರಡನೇದು, ವೆಲ್ಡ್ ಪಕ್ಕ ಬರುವ ನೀಲಿ-ಕಂದು ಛಾಯೆ. ಅಲ್ಲಿ ಮೇಲ್ಪದರದ ಕ್ರೋಮಿಯಂ ರಕ್ಷಣೆ ಹಾಳಾಗಿರುತ್ತೆ, ತುಕ್ಕು ಅಲ್ಲಿಂದಲೇ ಶುರು. ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆಸಬೇಕು. ಆ ಪೇಸ್ಟ್‌ನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತೆ, ಚರ್ಮಕ್ಕೆ ಬಿದ್ದರೆ ಮೂಳೆ ತನಕ ಇಳಿಯುವಂಥದ್ದು. ಮನೆಯಲ್ಲಿ ಮುಟ್ಟಬೇಡಿ, ದಿನಾ ಅದೇ ಕೆಲಸ ಮಾಡುವ ಅಂಗಡಿಗೆ ಕೊಡಿ.

ಕರಾವಳಿ ಗಾಳಿ
ಅಯಸ್ಕಾಂತ ಹಿಡಿದು ನೋಡಿದರೆ ಸಾಕಲ್ವಾ ಸ್ಟೇನ್‌ಲೆಸ್ ಹೌದೋ ಅಲ್ವೋ ಅಂತ?

ಬೆಸುಗೆ ಮನೆ
ಸಾಲದು. 202 ದರ್ಜೆಯೂ ಅಯಸ್ಕಾಂತಕ್ಕೆ ಅಂಟಲ್ಲ, ಆದ್ರೆ ಬೇಗ ತುಕ್ಕು ಹಿಡಿಯುತ್ತೆ. ಉಲ್ಟಾ, ಎಳೆದು ಮಾಡಿದ 304 ತಂತಿ ಸ್ವಲ್ಪ ಅಂಟಬಹುದು. ದರ್ಜೆ ಬರೆದ ಬಿಲ್ಲು ಕೇಳಿ ತಗೊಳ್ಳಿ. ಕರಾವಳಿಯಲ್ಲಿ ತೂಗು ಹಾಕೋದಾದ್ರೆ 304 ಬಿಟ್ಟು 316ಕ್ಕೆ ಹೋಗಿ, ಉಪ್ಪುಗಾಳಿ ತಡೆಯೋದು ಅದೇ.

ಕಿಟ್ಟದ ಮುದ್ದೆ
ಅಂಟಿನ ಮಾತು ನಮ್ಮ ಕೊಪ್ಪಳ ಕಡೆಯವರ್ನ ಕೇಳ್ರಿ. ಕಿನ್ನಾಳದ ಗೊಂಬಿಗೆ ಇದ ಅಂಟು ಜೀವಾಳ. ಮೊದಲ ಹಗೂರ ಕಟಗಿ ಕೆತ್ತಿ ತುಂಡು ಜೋಡಸ್ತಾರ, ಆ ಜೋಡಣಿಗೆ ಹುಣಸಿ ಬೀಜದ ಅಂಟು. ನೆನಸಿ, ಒಣಗಿಸಿ, ಪುಡಿ ಮಾಡಿದ ಸೆಣಬಿನ ಚಿಂದಿ, ಕಟಗಿ ಹೊಟ್ಟು, ಅದಕ್ಕ ಹುಣಸಿ ಅಂಟು ಕಲಸಿದ್ರ ‘ಕಿಟ್ಟ’. ಮೂಗು, ಕಿವಿ, ಆಭರಣ ಎಬ್ಬಸಾಕ ಅದ ಬೇಕು. ಅದರ ಮ್ಯಾಲೆ ಹತ್ತಿ ಬಟ್ಟಿ ಪಟ್ಟಿ ಅಂಟಿನಾಗ ಅದ್ದಿ ಸುತ್ತತಾರ, ಅದರ ಮ್ಯಾಲೆ ಕಲ್ಲಿನ ಪುಡಿ ಬಳಿತಾರ, ಕಡೀಕ ಬಣ್ಣ.

ಅಂಟು ಮಾಡೂ ರೀತಿ. ಬೀಜ ಸಣ್ಣ ಉರಿಯಾಗ ಉಸುಕಿನಾಗ ಹುರೀರಿ, ಸಿಪ್ಪಿ ಬಿರಿತೈತಿ. ಕುಟ್ಟಿ ಕೇರ್ರಿ. ಒಂದು ಕಿಲೋ ಬೀಜಕ್ಕ ಮುಕ್ಕಾಲು ಕಿಲೋದೊಳಗ ತಿರುಳು ಸಿಗತೈತಿ. ಭಾಳ ಹುರದ್ರ ತಿರುಳು ಕಂದಾಗಿ ಅಂಟಿನ ಕಸುವು ಹೋಕ್ಕೈತಿ, ತಿರುಳು ಕೆನಿ ಬಣ್ಣದಾಗ ಇರಬೇಕು. ಪುಡಿನ ತಣ್ಣೀರಾಗ ಉದುರಿಸಿಕೋತ ಕಲಸ್ರಿ. ಬಿಸಿನೀರಾಗ ಹಾಕಿದ್ರೋ, ಗಂಟು ಕಟ್ಟಿ ಒಳಗ ಹಸಿ ಉಳಿತೈತಿ. ಆಮ್ಯಾಲೆ ಇಪ್ಪತ್ತು–ಮೂವತ್ತು ನಿಮಿಷ ಕೈ ಬಿಡದಂಗ ತಿರುವ್ರಿ. ಸೌಟು ಎತ್ತಿದ್ರ ನೂಲೆಳಿ ಬರಬೇಕು. ಬಟ್ಟಿ ಹಾಸಾಕ ಲೀಟರ್ ನೀರಿಗೆ 60–80 ಗ್ರಾಂ ಸಾಕು, ಜೋಡಣಿಗೆ 120 ತನಕ. ಕಬ್ಬಿಣದ ಬಾಣಲಿ ಮಾತ್ರ ಬ್ಯಾಡ್ರಿ, ಕಾರಣ ಮ್ಯಾಲಿನವರು ಹೇಳ್ಯಾರ. ಆರಿದ ಮ್ಯಾಲೆ ತೆಳು ಬಟ್ಟಿಯಾಗ ಸೋಸ್ರಿ.

ತೂಗುಮಣೆ
ಸಿಪ್ಪೆ ಸಮೇತ ನೆನೆಸಿ ರುಬ್ಬಿದ್ದೇ ಇಲ್ಲಿ ಆದ ತಪ್ಪು ಅಂತಾಯ್ತು. ಕುದಿಸಿದ್ದೂ ಕಬ್ಬಿಣದ ಬಾಣಲೆಯಲ್ಲೇ.

ಕಿಟ್ಟದ ಮುದ್ದೆ
ಒಂದ ಸಲಕ್ಕ ಎರಡೂ! ಚುಕ್ಕಿ ಬರದ ಏನಾದೀತು. ಹುಳಿ ಬರೂದಕ್ಕ ಒಂದು ಚಿಟಿಕಿ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕ್ರಿ, ವಾರ ತಡಿತೈತಿ.

ಗ್ಯಾಲರಿ ಗೋಡೆ
ಮೈಲುತುತ್ತಕ್ಕೆ ನನ್ನ ಬಲವಾದ ಆಕ್ಷೇಪ ಇದೆ. ಗೊಂಬೆಯಲ್ಲಿ ಅಂಟು ಒಳಗೆ ಮುಚ್ಚಿಹೋಗುತ್ತೆ, ಮೇಲೆ ಕಲ್ಲಿನ ಪುಡಿ, ಬಣ್ಣ ಇರುತ್ತೆ. ಇಲ್ಲಿ ತೆಳು ಬಟ್ಟೆ ಗಾಳಿ ಬೆಳಕಿಗೆ ತೆರೆದಿದೆ. ತಾಮ್ರದ ಅಂಶ ಹತ್ತಿಯ ಸೆಲ್ಯುಲೋಸ್ ಆಕ್ಸಿಡೀಕರಣವನ್ನು ಚುರುಕುಗೊಳಿಸುತ್ತೆ. ಹಳೆಯ ಚಿತ್ರಗಳಲ್ಲಿ ತಾಮ್ರದ ಹಸಿರು ಬಳಿದ ಕಡೆಯೇ ಕಾಗದ ಕಂದಾಗಿ ಪುಡಿಯಾಗಿರೋದು ಇದರಿಂದಲೇ. ಪಟಿಕವೂ ಬೇಡ, ಅದರ ಆಮ್ಲ ನಿಧಾನವಾಗಿ ನೂಲು ತಿನ್ನುತ್ತೆ. ಪುಡಿ ಒಣಗಿದ್ದರೆ ತಿಂಗಳುಗಟ್ಟಲೆ ಇರುತ್ತೆ, ಅಂಟು ದಿನದ್ದು ದಿನ ಕುದಿಸಿ. ಒಂದು ಪಾಳಿಗೆ ಅರ್ಧ ಲೀಟರ್ ಮಾಡಿದರೆ ಮಿಗಲ್ಲ.

ಕಿಟ್ಟದ ಮುದ್ದೆ
ಬಟ್ಟಿಗೆ ನಿಮ್ಮ ಮಾತು ಖರೆ. ಗೊಂಬಿಗೆ ನಂದ ಖರೆ.

ಹತ್ತಿನೂಲು
ಹುಣಸೆ ಬೀಜದ ಗಂಜಿ ನಮ್ಮಲ್ಲಿ ಗೊಂಬೆಗಷ್ಟೇ ಅಲ್ಲ. ಚಿತ್ರದುರ್ಗ, ಚಳ್ಳಕೆರೆ ಕಡೆ ಕಂಬಳಿ ನೇಯುವವರು ಹಾಸುನೂಲಿಗೆ ಇದನ್ನೇ ಹಚ್ಚಿ ಕುಂಚದಲ್ಲಿ ಎಳೀತಾರೆ. ಉಣ್ಣೆ ಎಳೆಯ ಜುಂಗು ಅಡಗಿ ಮಗ್ಗದಲ್ಲಿ ತುಂಡಾಗಲ್ಲ. ಅದೇ ಗುಣ ಇಲ್ಲಿ ಕೆಲಸಕ್ಕೆ ಬರ್ತಿದೆ: ಒಣಗುವಾಗ ಎಳೆಗಳನ್ನು ಹತ್ತಿರ ಎಳೆದು ಬಿಗಿ ಮಾಡೋದು.

ಈಗ ಬಟ್ಟೆ. ಕೋರಾ ಬಟ್ಟೆಯಲ್ಲಿ ಗಿರಣಿಯ ಗಂಜಿ ಇರುತ್ತೆ, ನಿಮ್ಮ ಅಂಟು ಒಳಗೆ ಇಳಿಯೋಕೆ ಬಿಡಲ್ಲ. ಲೀಟರ್ ನೀರಿಗೆ 5 ಗ್ರಾಂ ವಾಷಿಂಗ್ ಸೋಡಾ ಹಾಕಿ ಮುಕ್ಕಾಲು ಗಂಟೆ ಕುದಿಸಿ, ಮೂರು ನೀರಲ್ಲಿ ಜಾಲಿಸಿ. ಒಣಗಿದ ಬಟ್ಟೆ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿದರೆ ತಯಾರು, ಮುತ್ತಿನಂತೆ ನಿಂತರೆ ಇನ್ನೊಮ್ಮೆ ಕುದಿಸಿ.

ಕತ್ತರಿಸೋದು ಓರೆಗೆ, ಅಂದರೆ ನೂಲಿಗೆ 45 ಡಿಗ್ರಿಯಲ್ಲಿ. ನೇರ ಕತ್ತರಿಸಿದ ಬಟ್ಟೆ ಗುಂಡು ಮೈ ಮೇಲೆ ನೆರಿಗೆ ಬೀಳುತ್ತೆ, ಓರೆ ಪಟ್ಟಿ ಎರಡೂ ಕಡೆಗೆ ಹಿಗ್ಗಿ ಬಾಗಿಗೆ ಕೂರುತ್ತೆ. ಅಂಚಿಗೆ ಅಂಚು 3–4 ಮಿ.ಮೀ. ಮೇಲೆ ಬರಲಿ. ಜಾಸ್ತಿ ಆದರೆ ಬೆಳಕು ಹಿಂದಿನಿಂದ ಬಂದಾಗ ದಪ್ಪ ಗೆರೆ ಕಾಣುತ್ತೆ. ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಒಣಗುವ ಬಟ್ಟೆಯ ಎಳೆತಕ್ಕೆ ಚೌಕಟ್ಟು ಅಷ್ಟಾವಕ್ರ ಆಗುತ್ತೆ. ಎದುರು ಬದುರು ಒಂದೊಂದು ಪಟ್ಟಿ ಹಾಕ್ತಾ ಬನ್ನಿ. ನೆರಳಲ್ಲಿ ಒಣಗಲಿ, ಫ್ಯಾನ್ ದೂರ ಇರಲಿ.

ಕರಾವಳಿ ಗಾಳಿ
ಇಷ್ಟೆಲ್ಲ ಯಾಕೆ ಮಾರಾಯ್ರೆ, ಫೆವಿಕಾಲ್ ಥರದ ಬಿಳಿ ಅಂಟಿಗೆ ನೀರು ಬೆರೆಸಿ ಬಳಿದರೆ ಆಗಲ್ವಾ? ಹುಳಿಯೂ ಬರೂದಿಲ್ಲ, ಬೂಷ್ಟೂ ಇಲ್ಲ.

ಗ್ಯಾಲರಿ ಗೋಡೆ
ಆಗುತ್ತೆ, ಆದ್ರೆ ಬೇರೆ ವಸ್ತು ಆಗುತ್ತೆ. ಬಿಳಿ ಅಂಟು ಬಟ್ಟೆಯ ತೂತುಗಳಲ್ಲಿ ಪ್ಲಾಸ್ಟಿಕ್ ಪೊರೆ ಕಟ್ಟುತ್ತೆ, ನೇಯ್ಗೆ ಮುಚ್ಚಿಹೋಗುತ್ತೆ. ಬೆಳಕು ನೂಲುಗಳ ನಡುವೆ ಸೋಸಿ ಬರುವ ಬದಲು ಪೊರೆಯ ಮೇಲೆ ಮಿಂಚುತ್ತೆ. ಮೇಲಾಗಿ ಅದು ಬಿಸಿಗೆ ಮೆದುವಾಗುವ ಅಂಟು, ಬೇಸಿಗೆಯಲ್ಲಿ ತೂಗು ಹಾಕಿದ ತುಂಡು ತನ್ನ ಭಾರಕ್ಕೆ ಮೆಲ್ಲಗೆ ಜಾರುತ್ತೆ. ಧೂಳೂ ಹಿಡಿಯುತ್ತೆ. ಹುಣಸೆ ಅಂಟನ್ನು ಹತ್ತು ವರ್ಷದ ನಂತರವೂ ನೀರಲ್ಲಿ ಸಡಿಲಿಸಿ ಒಂದು ಪಟ್ಟಿ ಬದಲಾಯಿಸಬಹುದು. ರಿಪೇರಿಗೆ ದಾರಿ ಇರೋದು ದೊಡ್ಡ ಮಾತು.

ತಿರುಗಣಿ
ಒಂದು ನೇರ ಪ್ರಶ್ನೆ. ಶೆಟ್ಟರ್ ಕೃತಿಗಳಲ್ಲಿ ಕಾಣೋದು ಕಿನ್ನಾಳದವರ ಅಂಟು, ಬುಟ್ಟಿ ಹೆಣೆಯುವವರ ಹೆಣಿಗೆ, ಆಟಿಕೆಯವರ ಅರಗು. ಇದರಲ್ಲಿ ಕಲಾವಿದೆಯ ಸ್ವಂತದ್ದು ಯಾವುದು?

ಕಿಟ್ಟದ ಮುದ್ದೆ
ನೋಡ್ರಿ, ಗೊಂಬಿಯಾಗ ಬಟ್ಟಿ-ಅಂಟಿನ ಪದರ ಯಾರಿಗೂ ಕಾಣಂಗಿಲ್ಲ. ಕಟಗಿ ಕೆಳಗ, ಬಣ್ಣ ಮ್ಯಾಲೆ, ಇದು ನಡುವ ಅಡಗಿ ಕುಂತಿರತೈತಿ. ಈಕಿ ಕೆಳಗಿನ ಕಟಗಿ ತಗದ್ರು, ಮ್ಯಾಲಿನ ಬಣ್ಣ ತಗದ್ರು, ನಡುವಿನ ಪದರನ ಗಾಳ್ಯಾಗ ನಿಲ್ಲಿಸಿದ್ರು. ಆ ಪದರಕ್ಕ ಅಷ್ಟು ಕಸುವು ಐತಿ ಅಂತ ಗೊಂಬಿ ಮಾಡೋರಿಗೆ ಗೊತ್ತಿತ್ತು, ನೋಡೋರಿಗೆ ಗೊತ್ತಿರಲಿಲ್ಲ. ಸ್ವಂತದ್ದು ಅಂದ್ರ ಅದ.

ಹತ್ತಿನೂಲು
ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ.

ತಿರುಗಣಿ
ಬಟ್ಟೆಯ ಮಟ್ಟಿಗೆ ಒಪ್ಪಿದೆ. ‘ಮಿ, ನೋ, ನಾಟ್ ಮಿ...’ ಅಂತ ಉದ್ದ ಹೆಸರಿನ ಕೃತಿ (2006–07) ಇದೆಯಲ್ಲ, ಕಾರಿನ ಬಾಡಿ ತಗಡನ್ನು ಪಟ್ಟಿ ಮಾಡಿ ಹೆಣೆದದ್ದು? ಅವರ ಕೃತಿಗಳು ಪ್ರಕೃತಿಯಿಂದ ಬಂದವು ಅಂತಾರಲ್ಲ, ಅದರಲ್ಲಿ ಪ್ರಕೃತಿ ಎಲ್ಲಿದೆ?

ಬೆಸುಗೆ ಮನೆ
ಆಕಾರ ನೋಡಿ, ಬೆಳೆಯುವ ಜೀವಿಯ ಮೈ ಥರ ಉಬ್ಬಿರುತ್ತೆ. ಹೆಣೆಯುವ ದೃಷ್ಟಿಯಿಂದ ಹೇಳೋದಾದ್ರೆ, ಬಿದಿರಿನ ಸೀಳು ಬಾಗಿಸಿದಾಗ ಮತ್ತೆ ನೇರ ಆಗೋಕೆ ನೋಡುತ್ತೆ, ಆ ಒತ್ತಡವೇ ಬುಟ್ಟಿಯನ್ನು ಬಿಗಿ ಹಿಡಿಯೋದು. ತಗಡು ಹಾಗಲ್ಲ, ಬಾಗಿಸಿದ ಕಡೆ ಬಾಗಿ ಉಳಿಯುತ್ತೆ. ಬಿಗಿತ ನೀವೇ ಕೊಡಬೇಕು. ಕಾರಿನ ಬಾಡಿ ತಗಡು ಮುಕ್ಕಾಲು ಮಿ.ಮೀ. ಆಸುಪಾಸು ಇರುತ್ತೆ, ಕತ್ತರಿಸಿದ ಅಂಚು ಬ್ಲೇಡು. ಅರದಲ್ಲಿ ಎರಡೂ ಅಂಚು ಮುರಿಯದೆ ಹೆಣೆಯೋಕೆ ಕೂರಬೇಡಿ.

ಮೇಣದ ಗೂಡು
ಬಟ್ಟೆ, ಲೋಹದಲ್ಲೇ ಮುಳುಗಿಬಿಟ್ಟಿರಿ. ಶೆಟ್ಟರ್ ಅವರ ಶುರುವಿನ ಕೆಲಸಗಳು ಜೇನುಮೇಣದ್ದು. ‘ವಸಂತ’ (2004), ಆಮೇಲೆ ‘ಜಸ್ಟ್ ಎ ಬಿಟ್ ಮೋರ್’ (2005–06). ಎರಡನೆಯದು ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಸಂಗ್ರಹದಲ್ಲಿದೆ: ಕೈಯಲ್ಲಿ ಉಂಡೆ ಕಟ್ಟಿದ ಜೇನುಮೇಣ, ಬಣ್ಣದ ಪುಡಿ, ಚಹಾದಲ್ಲಿ ಅದ್ದಿದ ದಾರ. ಇಬ್ಬನಿ ಕೂತ ಜೇಡರ ಬಲೆಯಂತೆ ಇಡೀ ಕೋಣೆಗೆ ಹರಡುವಂಥದ್ದು.

ಮೇಣದಲ್ಲಿ ಎಡವೋದು ಮೂರು ಕಡೆ. ಒಂದು, ಕಲಬೆರಕೆ. ಅಂಗಡಿಯ ‘ಜೇನುಮೇಣ’ದಲ್ಲಿ ಎಷ್ಟೋ ಸಲ ಪ್ಯಾರಾಫಿನ್ ಇರುತ್ತೆ. ತಣ್ಣನೆ ತುಂಡು ಮುರಿದು ನೋಡಿ, ಅಸಲಿ ಮೇಣದ ಮುರಿದ ಮೈ ಕಲ್ಲುಸಕ್ಕರೆ ಒಡೆದಂತೆ ಹರಳು ಹರಳು. ಬೆರಳಲ್ಲಿ ಹಿಸುಕಿದರೆ ನಾದಿದ ಹಿಟ್ಟಿನಂತೆ ಕೂಡಿಕೊಳ್ಳುತ್ತೆ, ಪ್ಯಾರಾಫಿನ್ ಚಕ್ಕೆ ಚಕ್ಕೆ ಆಗುತ್ತೆ.

ಎರಡು, ಶಾಖ. ಜೇನುಮೇಣ ಕರಗೋದು 62–64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಾತ್ರೆಯನ್ನು ಕುದಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ನೇರ ಉರಿ ಬೇಡ. 85 ದಾಟಿದರೆ ಬಣ್ಣ ಕಂದುತ್ತೆ. ಉಂಡೆ ಕಟ್ಟೋಕೆ ಕರಗಿಸೋದೇ ಬೇಡ, 35 ಡಿಗ್ರಿ ಬಿಸಿ ಇದ್ದರೆ ಅಂಗೈಗೆ ಬಗ್ಗುತ್ತೆ. ಇಲ್ಲೂ ಕಬ್ಬಿಣದ ಪಾತ್ರೆ ದೂರ ಇಡಿ, ಮೇಣ ಕಪ್ಪಾಗುತ್ತೆ.

ಮೂರು, ಜಾರೋದು. ಒಣ ದಾರದ ಸುತ್ತ ಉಂಡೆ ಒತ್ತಿದರೆ ಮೊದಲ ಬೇಸಿಗೆಯಲ್ಲೇ ಇಳಿಯುತ್ತೆ. ಉಂಡೆ ಬರುವ ಜಾಗದಲ್ಲಿ ದಾರಕ್ಕೊಂದು ಗಂಟು, ಆ ಗಂಟನ್ನು ಕರಗಿದ ಮೇಣದಲ್ಲಿ ಒಂದು ಸಲ ಅದ್ದಿ, ಆರಿದ ಮೇಲೆ ಅದರ ಸುತ್ತ ಉಂಡೆ. ಕೆಲವು ತಿಂಗಳಿಗೆ ಮೇಲೆ ಬಿಳಿ ಪುಡಿಯಂತೆ ಬರುತ್ತೆ, ಅದು ಬೂಷ್ಟಲ್ಲ, ಮೇಣದ್ದೇ ಹೂ. ಹೇರ್ ಡ್ರೈಯರ್ ದೂರದಿಂದ ಹಿಡಿದರೆ ಮಾಯ.

ತೂಗುಮಣೆ
ಚಹಾದ ದಾರದ ಲೆಕ್ಕ?

ಮೇಣದ ಗೂಡು
ಲೀಟರ್ ನೀರಿಗೆ 25 ಗ್ರಾಂ ಚಹಾ ಪುಡಿ, ಕಾಲು ಗಂಟೆ ಕುದಿಸಿ ಸೋಸಿ, ತೊಳೆದ ಹತ್ತಿ ದಾರ ಒಂದು ಗಂಟೆ ಬಿಡಿ. ಒದ್ದೆಯಲ್ಲಿ ಕಂಡದ್ದಕ್ಕಿಂತ ಒಣಗಿದ ಮೇಲೆ ಎರಡು ಛಾಯೆ ತಿಳಿ. ಚಹಾದಲ್ಲೂ ಟ್ಯಾನಿನ್ ಇದೆ, ಕಬ್ಬಿಣದ ಮೊಳೆಗೆ ಕಟ್ಟಬೇಡಿ!

ಅರಗಿನ ಕಡ್ಡಿ
ಮರದ ಕೆಲಸ ಬಿಟ್ಟೇ ಹೋಯ್ತು. ‘ಟಚ್ ಮಿ ನಾಟ್’ (2006–07) ಅಂದರೆ ನಮ್ಮ ಮುಟ್ಟಿದರೆ ಮುನಿ. ಅರಗಿನ ಬಣ್ಣದ ಮರದ ಮಣಿಗಳು ತೆಳು ಸ್ಟೀಲ್ ಕಡ್ಡಿಗಳ ತುದಿಯಲ್ಲಿ ಗೋಡೆಯಿಂದ ಹೊರಗೆ ಚಾಚಿ ನಿಂತಿರ್ತವೆ.

ಮಣಿಗೆ ಅರಗು ಹಾಕುವ ಕ್ರಮ ಚನ್ನಪಟ್ಟಣದಲ್ಲಿ ಹೀಗೆ. ಆಲೆ ಮರ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿರಬೇಕು. ಚರಕಿಯಲ್ಲಿ (ಮರ ತಿರುಗಿಸಿ ಕಡೆಯುವ ಯಂತ್ರ) ಕಡೆದು, ನುಣ್ಣಗೆ ಮಾಡಿ, ತಿರುಗ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಬೇಕು. ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತೆ. ಆಮೇಲೆ ತಾಳೆಗರಿ ಹಿಡಿದರೆ ಹರಡಿ ಹೊಳಪು ಬರುತ್ತೆ. ಮರ ಹಸಿ ಇದ್ದರೆ ಒಳಗಿನ ತೇವ ಆವಿಯಾಗಿ ಅರಗಿನಲ್ಲಿ ಗುಳ್ಳೆ. ಚರಕಿ ನಿಧಾನ ಆದರೆ ಅರಗು ಗೆರೆ ಗೆರೆ ಉಳಿಯುತ್ತೆ. ಬಿಸಿಲಿಗೆ ಇಟ್ಟರೆ ಹೊಳಪು ಹೋಗುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಬಾರದು.

ಪಡಸಾಲೆ ಪಂಚಾಂಗ
ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಪರವಾಗಿಲ್ಲ ಅಂದುಕೊಳ್ತೀನಿ. ನ್ಯೂಯಾರ್ಕಿನ ಅದೇ ಆಧುನಿಕ ಕಲೆಯ ಮ್ಯೂಸಿಯಂ 2012ರಲ್ಲಿ ಶೆಟ್ಟರ್ ಅವರ ‘ವರ್ಷ’ ಅನ್ನೋ ಕಲಾಪುಸ್ತಕ ತಂದಿತು, ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಮಳೆಗಾಲದ 16 ಹಂತಕ್ಕೆ 16 ಮುದ್ರಿತ ಚಿತ್ರ. ಹೊರಗಿನವರಿಗೆ ಅದು ಕಾವ್ಯ ಅನ್ಸಬಹುದು, ನಮ್ಮ ರೈತರಿಗೆ ದಿನದ ಲೆಕ್ಕ.

ತಿರುಗಣಿ
ನಕ್ಷತ್ರ 27 ಅಲ್ವಾ? 16 ಹೇಗೆ?

ಪಡಸಾಲೆ ಪಂಚಾಂಗ
ಮಳೆ ನಕ್ಷತ್ರ ಮಾತ್ರ ಎಣಿಸಿ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ದೊಡ್ಡ ಪುಷ್ಯ ಅನ್ನೋ ಪುನರ್ವಸು, ಚಿಕ್ಕ ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖ. ಸರಿಯಾಗಿ 16. ಸೂರ್ಯ ಒಂದೊಂದರಲ್ಲಿ 13–14 ದಿನ ಇರ್ತಾನೆ, ಏಪ್ರಿಲ್ ಮಧ್ಯದಿಂದ ನವೆಂಬರ್ ಮಧ್ಯದ ತನಕ. ಒಂದೊಂದು ಮಳೆಗೂ ಬೇರೆ ಸ್ವಭಾವ. ಭರಣಿ ಮಳೆ ಬಂದರೆ ಧರಣಿ ಬೆಳೆಯುತ್ತೆ ಅಂತಾರೆ, ಮನೆ ಮಗ ಉಂಡರೆ ಕೇಡಿಲ್ಲ ಮಘೆ ಮಳೆ ಬಂದರೆ ಕೇಡಿಲ್ಲ ಅಂತಾರೆ. ಮಳೆ ಅಂತ ಒಂದೇ ಚಿತ್ರ ಬರೆದರೆ ಸಾಲದು ಅನ್ನೋದು ಈ ಎಣಿಕೆಯಲ್ಲೇ ಇದೆ.

ಕರಾವಳಿ ಗಾಳಿ
ಆಶ್ಲೇಷದ ಹೊತ್ತಿಗೆ ಅಂಟು ಒಣಗಿಸೋಕೆ ಹೋದರೆ ಮುಗೀತು ಕಥೆ.

ಹತ್ತಿನೂಲು
ಅದೇ ಮೂರನೇ ತೊಂದರೆಗೆ ಉತ್ತರ. ಹುಣಸೆ ಅಂಟಿನ ಪೊರೆ ಗಾಳಿಯ ತೇವ ಹೀರಿ ಮೆದುವಾಗುತ್ತೆ, ಬಟ್ಟೆ ಜೋಲು ಬೀಳುತ್ತೆ. ಮಲೆನಾಡು, ಕರಾವಳಿಯಲ್ಲಿ ಬಟ್ಟೆ ಹಾಸುವ ಕೆಲಸ ಜನವರಿ–ಫೆಬ್ರವರಿಗೆ ಇಟ್ಟುಕೊಳ್ಳಿ. ಪೂರ್ತಿ ಒಣಗಿ ಬೆರಳಲ್ಲಿ ತಟ್ಟಿದರೆ ಟಣ್ ಅನ್ನಬೇಕು. ಅದಾದ ಮೇಲೆಯೇ ಲ್ಯಾಕರ್, ಒಳಗೂ ಹೊರಗೂ. ಹೊರಗೆ ಮಾತ್ರ ಬಳಿದರೆ ತೇವ ಒಳಗಿನಿಂದ ಬರುತ್ತೆ. ಜಿರಳೆ, ಸಿಲ್ವರ್‌ಫಿಶ್ ಗಂಜಿ ಹುಡುಕಿಕೊಂಡು ಬರೋದೂ ಅದರಿಂದ ಕಡಿಮೆ ಆಗುತ್ತೆ.

ತೂಗುಮಣೆ
ಲ್ಯಾಕರ್ ಅಂದರೆ ಅರಗೇ ತಾನೆ? ಫ್ರೆಂಚ್ ಪಾಲಿಶ್ ಸಾಕಾ?

ಗ್ಯಾಲರಿ ಗೋಡೆ
ಎರಡೂ ಒಂದೇ ಅಂತ ಹಿಡೀಬೇಡಿ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ಫ್ರೆಂಚ್ ಪಾಲಿಶ್, ಬೇರೆ, ಅಂಗಡಿಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬೇರೆ. ಅಭ್ಯಾಸಕ್ಕೆ ಅರಗೇ ಒಳ್ಳೇದು: ಲೀಟರ್ ಸ್ಪಿರಿಟ್‌ಗೆ 120–150 ಗ್ರಾಂ ಅರಗಿನ ಚಕ್ಕೆ, ರಾತ್ರಿಯಿಡೀ ಬಿಟ್ಟು ಸೋಸಿ, ತೆಳುವಾಗಿ ಮೂರು ಕೈ. ಬಟ್ಟೆಗೆ ತಿಳಿ ಜೇನಿನ ಬಣ್ಣ ಬರುತ್ತೆ. ಮೋಡ ಕವಿದ ದಿನ ಬಳಿದರೆ ಬೆಳ್ಳಗೆ ಮಂಜು ಹಿಡಿಯುತ್ತೆ. ಆಗ ಒಣ ಹವೆ ಇರುವ ದಿನ ಬರೀ ಸ್ಪಿರಿಟ್ ಹಗುರಾಗಿ ಸವರಿದರೆ ತಿಳಿಯಾಗುತ್ತೆ.

ತೇವದ ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ. 2023ರಲ್ಲಿ ಲಂಡನ್ನಿನ ಬಾರ್ಬಿಕನ್ ಗಾಜಿನ ತೋಟದಲ್ಲಿ ‘ಕ್ಲೌಡ್ ಸಾಂಗ್ಸ್ ಆನ್ ದ ಹಾರೈಜನ್’ ತೂಗು ಹಾಕಿದರು, ಗಿಡಮರಗಳ ನಡುವೆ. ಮೆಟ್ರೋಪಾಲಿಟನ್ ಮ್ಯೂಸಿಯಂನ ‘ಸೆವೆನ್ ಪಾಂಡ್ಸ್ ಅಂಡ್ ಎ ಫ್ಯೂ ರೇನ್‌ಡ್ರಾಪ್ಸ್’ (2017) ಬಿಳಿ ಗೋಡೆಗೆ ನೆರಳು ಚೆಲ್ಲುವ ಕೃತಿ, ನೆರಳಿಲ್ಲದೆ ಅದು ಅರ್ಧ. ಗಾಜಿನ ತೋಟದಲ್ಲಿ ಆ ಗೋಡೆಯೂ ಇಲ್ಲ, ಒಣ ಹವೆಯೂ ಇಲ್ಲ. ಎಲೆಗಳ ಎದುರು ತೂಗುವ ಮನುಷ್ಯ ಮಾಡಿದ ಆಕಾರ ಸಪ್ಪೆ ಆಗದಿರಬೇಕಾದರೆ ಎಲೆಯನ್ನು ನಕಲು ಮಾಡದಿರೋದೇ ದಾರಿ. ಅವರು ಎಲ್ಲೂ ಹೂವನ್ನೋ ಎಲೆಯನ್ನೋ ಹಾಗೇ ಎತ್ತಿಡಲ್ಲ, ಅದು ಅರಳುವ, ಬಾಗುವ ಚಲನೆಯನ್ನಷ್ಟೇ ತಗೊಳ್ತಾರೆ.

ತಿರುಗಣಿ
ಶೆಟ್ಟರ್ ಅವರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತದ್ದು ಶಿಲ್ಪವೇ ತಾನೆ? ತೂಗು ಹಾಕುವ ಲೆಕ್ಕ ಅಲ್ಲಿಂದ ಬಂದಿರಬೇಕು.

ಗ್ಯಾಲರಿ ಗೋಡೆ
ಹೌದು, ಶಿಲ್ಪ ವಿಭಾಗ. 1998ರಲ್ಲಿ ಪದವಿ, 2000ದಲ್ಲಿ ಸ್ನಾತಕೋತ್ತರ. ಹುಟ್ಟಿದ್ದು 1977, ಬೆಂಗಳೂರು. ಈಗ ಇರೋದು ಹಳ್ಳಿಗಾಡಿನಲ್ಲಿ.

ಬೆಸುಗೆ ಮನೆ
ತೂಗು ಹಾಕೋಕೆ ನೈಲಾನ್ ದಾರ ತರಬೇಡಿ. ದಿನ ಕಳೆದಂತೆ ಹಿಗ್ಗುತ್ತೆ, ಒಂದು ಮೂಲೆ ಇಳಿಯುತ್ತೆ. 1 ಮಿ.ಮೀ. ಸ್ಟೇನ್‌ಲೆಸ್ ವೈರ್ ರೋಪ್, ತುದಿಗೆ ಒತ್ತಿದ ಸ್ಲೀವ್. ಜನ ಕೆಳಗೆ ಓಡಾಡೋದಾದ್ರೆ ಹಗ್ಗ ತುಂಡಾಗುವ ಭಾರದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬೇಡಿ. ಒಂದೇ ಎಳೆಯಲ್ಲಿ ಬಿಟ್ಟರೆ ಫ್ಯಾನ್ ಗಾಳಿಗೂ ಸುತ್ತುತ್ತಾ ಇರುತ್ತೆ, ಎರಡು ಎಳೆ ಕೊಟ್ಟರೆ ನಿಲ್ಲುತ್ತೆ. ಕೊಂಡಿಯನ್ನು ಬಟ್ಟೆ ಹಾಸುವ ಮೊದಲೇ ಚೌಕಟ್ಟಿಗೆ ವೆಲ್ಡ್ ಮಾಡಿಸಿ. ಬಟ್ಟೆ ಆದ ಮೇಲೆ ನೆನಪಾದರೆ ಕಿಡಿ ಬಿದ್ದು ಸುಡುತ್ತೆ.

ತೂಗುಮಣೆ
ನಿಂಬೆ ಹಚ್ಚಿ ನೋಡಿದೆ. ಚುಕ್ಕೆ ಹಳದಿಗೆ ತಿರುಗಿತು. ಹಾಗಾದ್ರೆ ಇದೇ ಬಟ್ಟೆ ಉಳಿಸಿಕೊಂಡು ಎಲ್ಲ ಚುಕ್ಕೆಗೂ ನಿಂಬೆ ಹಚ್ಚಿಬಿಡ್ಲಾ?

ಹತ್ತಿನೂಲು
ಬೇಡ. ಆಮ್ಲ ಬಟ್ಟೆಯಲ್ಲೇ ಉಳಿಯುತ್ತೆ, ಕಬ್ಬಿಣ ಒಳಗೇ ಇರುತ್ತೆ, ತಿಂಗಳಲ್ಲಿ ಕಲೆ ಮತ್ತೆ ಬರುತ್ತೆ. ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸಿಕೊಳ್ಳಿ, ಅಂಟು ಅರ್ಧ ಗಂಟೆಯಲ್ಲಿ ಬಿಡುತ್ತೆ. ಚೌಕಟ್ಟಿನಿಂದ ಬಿಡಿಸಿದ ಪಟ್ಟಿಗಳನ್ನು ಒಂದೊಂದಾಗಿ ಕಾಗದದ ಮೇಲೆ ಚಪ್ಪಟೆ ಒಣಗಿಸಿ ಗೆರೆ ಎಳೆದಿಟ್ಟುಕೊಳ್ಳಿ, ಹೊಸ ಬಟ್ಟೆ ಕತ್ತರಿಸೋಕೆ ಅದೇ ಅಳತೆ.

ಕಿಟ್ಟದ ಮುದ್ದೆ
ಮತ್ತ ಬೀಜ ಹುರಿಯೂ ಮುಂದ ಒಂದು ಕೈ ತಿರುಳು ಹಲ್ಲಿಗಿಟ್ಟು ನೋಡ್ರಿ. ಒಗರು ಹತ್ತಿದ್ರ ಸಿಪ್ಪಿ ಇನ್ನೂ ಉಳದೈತಿ ಅಂತ ತಿಳೀರಿ.

ಹತ್ತಿನೂಲು
ಹುರಿದು ಕೇರಿದ ಮೇಲೆ ಅಲ್ವಾ?

ಕಿಟ್ಟದ ಮುದ್ದೆ
ಹೌದ್ರಿ, ಕೇರಿದ ಮ್ಯಾಲೆ, ಬೀಸೂ ಮುಂದ. ತಪ್ಪಿ ಬರದೆ.